ರಂಗೋಲಿಯಲ್ಲಿ ಎದ್ದ ಅಡುಗೆಮನೆ

ನಮ್ಮ ಮನೆಯ ಹೊಗೆಗೆ ರಾಜಾಜಿನಗರದಲ್ಲಿ ಒಂದು ಹೆಸರಿತ್ತು. ಸಂಜೆ ಅಜ್ಜಿ ಒಲೆಗೆ ಹಸಿ ಸೌದೆ ತುರುಕಿದಳೆಂದರೆ ಆ ಹೊಗೆ ಹೆಂಚಿನ ಸಂದಿಗಳಿಂದ ಮೇಲೆದ್ದು, ಪಕ್ಕದ ಮನೆ ಪದ್ಮಮ್ಮನವರು ಒಣಹಾಕಿದ ಸೀರೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಬಸ್ ಸ್ಟಾಪಿನಲ್ಲಿ ನಿಂತವರನ್ನು ಕೆಮ್ಮಿಸಿ, ಅಲ್ಲಿಂದ ಬಸವೇಶ್ವರನಗರದ ಕಡೆಗೆ ಹೊರಡುತ್ತಿತ್ತು. ಕೆಂಗೇರಿ ಸ್ಟೇಷನ್ನಿನಲ್ಲಿ ರೈಲು ತಡವಾದರೆ ಅದಕ್ಕೂ ನಮ್ಮಜ್ಜಿಯ ಒಲೆಯೇ ಕಾರಣವೆಂದು ನಾನು ಸ್ಕೂಲಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ಯಾರೂ ನಂಬುತ್ತಿರಲಿಲ್ಲ. ಆದರೆ ನನ್ನ ಯೂನಿಫಾರಂ ಮೂಸಿದ ಮೇಲೆ ಪೂರ್ತಿ ಅಲ್ಲಗಳೆಯುವ ಧೈರ್ಯವೂ ಯಾರಿಗೂ ಇರಲಿಲ್ಲ.

ಮನೆ ತಾತ ಕಟ್ಟಿಸಿದ್ದು. ಸುತ್ತ ಬಡಾವಣೆ ಎದ್ದು, ಎಲ್ಲರ ಮನೆಗೂ ತಾರಸಿ ಬಂದು, ತಾರಸಿಯ ಮೇಲೆ ಹಪ್ಪಳ ಸಂಡಿಗೆ ಬಂದು, ನಾವು ಮಾತ್ರ ಹೆಂಚಿನ ಮನೆಯವರಾಗಿ ಉಳಿದಿದ್ದೆವು. ಆ ಮನೆಯ ತೀರಾ ಹಿಂದೆ, ಒಂದು ಮೆಟ್ಟಿಲು ಇಳಿದರೆ ಅಡುಗೆಮನೆ. ಅದಕ್ಕೆ ಕಿಟಕಿ ಇರಲಿಲ್ಲ. ತೆಂಗಿನಕಾಯಿ ತೂರುವಷ್ಟು ಒಂದು ಬೆಳಕಿಂಡಿ ಇತ್ತು. ಬಿಸಿಲು ಅದರಲ್ಲಿ ಇಣುಕಿ, ಒಳಗಿನ ಮಸಿ ಕಂಡು, ‘ತಪ್ಪು ವಿಳಾಸ’ ಎಂದು ವಾಪಸು ಹೋಗುತ್ತಿತ್ತು. ಆದರೂ ನಾವೆಲ್ಲ ಇರುತ್ತಿದ್ದುದು ಅಲ್ಲಿಯೇ. ಹಾಲ್‌ನಲ್ಲಿ ಬೆತ್ತದ ಕುರ್ಚಿಗಳು ನೆಂಟರಿಗಾಗಿ ಕಾಯುತ್ತ ಸಣ್ಣಗಾಗುತ್ತಿದ್ದವು. ನೆಲಕ್ಕೆ ಅಂಟಿಕೊಂಡ ಜೋಡಿ ಒಲೆ, ಅದರ ಎಡಕ್ಕೆ ಮಣೆಯ ಮೇಲೆ ಅಜ್ಜಿ, ಬಲಕ್ಕೆ ಅಮ್ಮ, ಎದುರಿಗೆ ಅರ್ಧಚಂದ್ರದ ಹಾಗೆ ಅಪ್ಪ, ನಾನು, ನನ್ನ ಹೋಂವರ್ಕು ಮತ್ತು ಯಾರದ್ದೋ ಒಂದು ಬೆಕ್ಕು. ಅಪ್ಪ ಆಫೀಸಿನಲ್ಲಿ ಸೂಪರಿಂಟೆಂಡೆಂಟು. ಹತ್ತಾರು ಗುಮಾಸ್ತರು ಅವರಿಗೆ ಹೆದರುತ್ತಿದ್ದರಂತೆ. ಇಲ್ಲಿ ಬಂದು ಕೂತರೆ ತಟ್ಟೆ ಮುಂದೆ ಮಾಡಿ, ಬೆಕ್ಕಿಗಿಂತ ಮೆತ್ತಗೆ ಕಾಯುತ್ತಿದ್ದರು.

ಆ ಬೆಂಕಿಯ ಬೆಳಕಿನಲ್ಲಿ ಎಲ್ಲರಿಗೂ ಎಲ್ಲರ ಮುಖ ಕಾಣುತ್ತಿತ್ತು. ಅಮ್ಮನ ಮುಖ ನನಗೆ ಕಂಠಪಾಠ. ತುಟಿ ಒಳಗೆ ಎಳೆದುಕೊಂಡರೆ ಅಜ್ಜಿಯ ಮೇಲೆ ಕೋಪ, ಮೂಗಿನ ತುದಿ ಅಲುಗಿದರೆ ಅಪ್ಪನ ಮೇಲೆ, ಎರಡೂ ಆದರೆ ನನ್ನ ಮಾರ್ಕ್ಸ್ ಕಾರ್ಡು ಸಿಕ್ಕಿದೆ ಎಂದರ್ಥ. ಸಾರು ಕುದಿ ಬಂದಾಗ ಉಪ್ಪು ನೋಡಲು ಅಮ್ಮ ಸೌಟಿನ ತುದಿಯಿಂದ ಒಂದು ತೊಟ್ಟು ಅಜ್ಜಿಯ ಅಂಗೈಗೆ ಬಿಡಬೇಕು. ಅಜ್ಜಿ ಅದನ್ನು ನೆಕ್ಕಿ, ಕಣ್ಣು ಮುಚ್ಚಿ, ಹೈಕೋರ್ಟಿನ ತೀರ್ಪಿಗೆ ಹಿಡಿಯುವಷ್ಟು ಹೊತ್ತು ತೆಗೆದುಕೊಂಡು, ಕೊನೆಗೆ ಹೇಳಬೇಕು:

“ಇನ್ನೊಂದು ಹರಳು ಬೀಳ್ಲಿ.”

ದಿನವೂ ಅದೇ. ಅಮ್ಮ ಒಮ್ಮೆ ಬೇಕೆಂದೇ ಸಮುದ್ರದಷ್ಟು ಉಪ್ಪು ಸುರಿದು ತೊಟ್ಟು ಬಿಟ್ಟಳು. ಅಜ್ಜಿಯ ಕಿವಿ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. ಆದರೂ ಮಾತು ಬದಲಾಗಲಿಲ್ಲ. ಇನ್ನೊಂದು ಹರಳು ಬೀಳ್ಲಿ! ಅಂದು ರಾತ್ರಿ ನಾವೆಲ್ಲ ಕುಡಿದ ನೀರಿಗೆ, ಊರಿಗೆಲ್ಲ ನೀರು ಕೊಡುವ ತಿಪ್ಪಗೊಂಡನಹಳ್ಳಿ ಕೆರೆ ಒಂದು ಗೇಣು ಇಳಿದಿರಬೇಕು.

ಆದರೆ ಅಮ್ಮನಿಗೆ ಆ ಕತ್ತಲೆಯಲ್ಲಿ ನಮ್ಮಷ್ಟು ಸುಖವಿರಲಿಲ್ಲ. ಕೂರುವವಳು ಅಜ್ಜಿ, ಏಳುವವಳು ಅಮ್ಮ. ಬೇಳೆ ಡಬ್ಬಿಗೆ ಏಳು, ನೀರಿಗೆ ಏಳು, ಅಪ್ಪನ ಕಾಫಿಗೆ ಏಳು; ಸಾಯಂಕಾಲದ ಹೊತ್ತಿಗೆ ಅವಳ ಮಂಡಿ ತುಕ್ಕುಹಿಡಿದ ಗೇಟಿನ ಹಾಗೆ ಸದ್ದು ಮಾಡುತ್ತಿತ್ತು. ಕಣ್ಣು ಸದಾ ಕೆಂಪು. ಅವಳಿಗೆ ಬೇಕಾಗಿದ್ದು ಎರಡೇ: ನಿಂತು ಅಡುಗೆ ಮಾಡುವ ಒಂದು ಕಟ್ಟೆ, ಮತ್ತು ಆ ಕಟ್ಟೆಯ ತುದಿಗೆ ಒಂದು ಕಿಟಕಿ. ಮದುವೆಯಾಗಿ ಬಂದಾಗಿನಿಂದ ಅವಳು ಸೌಟು ಹಿಡಿದು ಆಕಾಶ ನೋಡಿರಲಿಲ್ಲ.

ಹೆಸರು ಬರೆಸಿ ನಾವೆಲ್ಲ ಮರೆತೇಬಿಟ್ಟಿದ್ದ ಗ್ಯಾಸು ಒಂದು ದಿನ ಬಂದೇಬಿಟ್ಟಿತು. ಸಿಲಿಂಡರು ಹೊತ್ತು ತಂದವನು ನಮ್ಮ ಅಡುಗೆಮನೆಯೊಳಗೆ ಬಗ್ಗಿ ನೋಡಿ, ಸ್ಟೌವ್ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು, ನೆಲದ ಮೇಲೆ ಇಡೋ ಹಾಗಿಲ್ಲ, ಮೊದಲು ಕಟ್ಟೆ ಕಟ್ಟಿಸಿ ಎಂದ. ಅಮ್ಮನ ಮುಖದಲ್ಲಿ ಸಿಲಿಂಡರಿಲ್ಲದೆಯೇ ದೀಪ ಹತ್ತಿತು. ಅಜ್ಜಿ ಮಣೆಯ ಮೇಲಿಂದ ಕದಲಲಿಲ್ಲ.

“ಬೆಂಕೀನ ಎದೆ ಮಟ್ಟಕ್ಕೆ ಇಟ್ಕೊಂಡು ಯಾರಾದ್ರೂ ಅಡುಗೆ ಮಾಡ್ತಾರೇನಪ್ಪಾ? ಅದೇನು ಆರತೀನಾ?”

ಅಜ್ಜಿಯ ಸೊಂಟ ಬಿದ್ದುಹೋಗಿತ್ತು. ಗೋಡೆ ಹಿಡಿದು ನಡೆಯುತ್ತಿದ್ದಳು. ನಿಲ್ಲುವುದು ಅಂದರೆ ಒಂದು ಮಂಗಳಾರತಿಯಷ್ಟು ಹೊತ್ತು, ಅಷ್ಟೇ. ಅಮ್ಮನಿಗೆ ಕೂತು ಸಾಕಾಗಿತ್ತು, ಅಜ್ಜಿಗೆ ನಿಲ್ಲಲು ಆಗುತ್ತಿರಲಿಲ್ಲ. ಜಗಳ ಇಷ್ಟೇ. ಬಾಯಿಬಿಟ್ಟು ಇಬ್ಬರೂ ಇದನ್ನು ಹೇಳಲಿಲ್ಲ. ಬದಲಿಗೆ ಕೊತ್ತಂಬರಿ ಬೀಜ ಹುರಿದದ್ದು ಹೆಚ್ಚಾಯಿತೇ ಕಡಿಮೆಯಾಯಿತೇ ಎಂದು ಒಂದು ವಾರ ಜಗಳವಾಡಿದರು. ನನ್ನ ತಲೆಗೆ ಎಣ್ಣೆ ಹಚ್ಚುವಾಗ ಮಾತ್ರ ಅಜ್ಜಿ ಒಮ್ಮೆ, ನನಗಲ್ಲ, ಎಣ್ಣೆ ಬಟ್ಟಲಿಗೆ ಹೇಳುವ ಹಾಗೆ ಕೇಳಿದಳು:

“ನಿಂತ್ಕೊಂಡು ಮಾಡೋ ಅಡುಗೆಮನೇಲಿ ಕೂತ್ಕೊಳ್ಳೋಳಿಗೇನು ಕೆಲಸ?”

ಅಪ್ಪ ಜಗಳ ತಪ್ಪಿಸಲು ಆಫೀಸಿನ ಸ್ನೇಹಿತರೊಬ್ಬರ ಮಗಳನ್ನು ಕರೆತಂದರು. ಹೆಸರು ಊರ್ಮಿಳಾ. ಬೊಂಬಾಯಿಯಲ್ಲಿ ಮನೆಯ ಒಳಗನ್ನು ಡಿಸೈನ್ ಮಾಡುವುದನ್ನು ಓದಿಕೊಂಡು ಬಂದವಳು. ಬೆಲ್ ಬಾಟಮ್ ತೊಟ್ಟು, ಕತ್ತಿನವರೆಗೆ ಕೂದಲು ಕತ್ತರಿಸಿ, ತಾನೇ ಸ್ಕೂಟರ್ ಓಡಿಸಿಕೊಂಡು ಬಂದಳು. ಆಕೆ ನಮ್ಮ ಬೀದಿಗೆ ತಿರುಗಿದಾಗ ಕ್ರಿಕೆಟ್ ಆಡುತ್ತಿದ್ದ ಹುಡುಗರ ಬಾಲು ಗಾಳಿಯಲ್ಲೇ ನಿಂತಿತು ಎಂದು ನಾನು ಇವತ್ತಿಗೂ ಹೇಳುತ್ತೇನೆ. ಅವಳ ಬೆಲ್ ಬಾಟಮ್ಮಿನ ಒಂದೊಂದು ಕಾಲಿನಲ್ಲಿ ನನಗೆ ಒಂದು ಲಂಗವೂ ಅಜ್ಜಿಗೆ ಒಂದು ರವಿಕೆಯೂ ಆಗುತ್ತಿತ್ತು. ಅಜ್ಜಿ ಅವಳನ್ನು ಮೇಲಿನಿಂದ ಕೆಳಗೆ ನೋಡಿ, ಅಪ್ಪನನ್ನು ವಿಚಾರಣೆಗೆ ಎಳೆದಳು.

“ಈ ಮಗು ಮೇಸ್ತ್ರೀನಾ?”

“ಅಲ್ಲಮ್ಮ.”

“ಇಂಜಿನಿಯರ್ರಾ?”

“ಅಲ್ಲಮ್ಮ, ಡಿಸೈನರ್ರು.”

“ಹಂಗಂದ್ರೆ ಏನ್ ಕಟ್ತಾಳೆ?”

“ಕಟ್ಟಲ್ಲಮ್ಮ. ಹೆಂಗೆ ಕಟ್ಬೇಕು ಅಂತ ಹೇಳ್ತಾಳೆ.”

“ಹೇಳಕ್ಕೆ ನಾನಿಲ್ವೇನೋ ಮನೇಲಿ?”

ಊರ್ಮಿಳಕ್ಕ ನಕ್ಕಳು. ನನಗೆ ಆ ಕ್ಷಣದಿಂದ ಅವಳ ಮೇಲೆ ಪ್ರೀತಿ. ಅಳತೆ ಟೇಪಿನ ಒಂದು ತುದಿ ನನ್ನ ಕೈಗೆ ಕೊಟ್ಟಳು. ಆ ತುದಿ ಹಿಡಿದ ಹೆಮ್ಮೆಯಲ್ಲಿ ನಾನು ಬೊಂಬಾಯಿಗೇ ಹೋಗಿ ಬಂದವಳ ಹಾಗೆ ನಡೆಯತೊಡಗಿದೆ. ಮುಂದಿನ ಭಾನುವಾರ ಅವಳು ನೀಲಿ ಕಾಗದದ ಮೇಲೆ ಪ್ಲಾನು ತಂದು ನಡುಮನೆಯಲ್ಲಿ ಹರಡಿದಳು. ಅಪ್ಪ ಅದನ್ನು ತಲೆಕೆಳಗೆ ಹಿಡಿದು, ಚೆನ್ನಾಗಿದೆ ಎಂದರು. ಅಮ್ಮ ಕಟ್ಟೆಯನ್ನು ಬಚ್ಚಲು ಎಂದುಕೊಂಡಳು. ಅಜ್ಜಿ ಬಹಳ ಹೊತ್ತು ನೋಡಿದಳು.

“ಇದನ್ನ ಎಲ್ಲಿಂದ ನೋಡ್ತಾ ಇದೀವಿ ಮಗು?”

“ಮೇಲಿಂದ ಅಜ್ಜಿ. ಛಾವಣಿ ತೆಗೆದು ಮೇಲಿಂದ ನೋಡಿದ್ರೆ ಹೀಗೆ ಕಾಣುತ್ತೆ.”

“ಅಂದ್ರೆ ಕಾಗೆಗೆ ಕಾಣೋ ಹಂಗೆ. ನಾವು ಕಾಗೆಗಳಲ್ಲವಲ್ಲಮ್ಮ.”

ಬೇರೆ ಯಾರಾದರೂ ಆಗಿದ್ದರೆ ಸ್ಕೂಟರ್ ಹತ್ತಿ ಹೋಗುತ್ತಿದ್ದರು. ಊರ್ಮಿಳಕ್ಕ ಕಾಗದ ಸುತ್ತಿಟ್ಟಳು. ಎದ್ದು ಹಿತ್ತಿಲಿಗೆ ಹೋದಳು. ನುಗ್ಗೆಮರ, ಬಟ್ಟೆ ಒಗೆಯುವ ಕಲ್ಲು, ಅವುಗಳ ನಡುವೆ ಸಗಣಿ ಸಾರಿಸಿದ ಒಳ್ಳೆಯ ಅಗಲವಾದ ನೆಲ. “ಆಂಟಿ, ಅಡುಗೆಮನೆ ಎಷ್ಟು ದೊಡ್ಡದೋ ಅಷ್ಟೇ ದೊಡ್ಡದಾಗಿ ಇಲ್ಲೇ ಬರೆಯೋಣ. ನೀವೆಲ್ಲ ಒಳಗೆ ಹೋಗಿ ಅಡುಗೆ ಮಾಡಿ ನೋಡಿ. ಸೀಮೆಸುಣ್ಣ ಇದ್ಯಾ?” ಎಂದಳು. ಸೀಮೆಸುಣ್ಣ ಇರಲಿಲ್ಲ. ಅಮ್ಮ ಒಳಗೆ ಹೋಗಿ ರಂಗೋಲಿ ಬಟ್ಟಲು ತಂದಳು.

ನಾನು, ಊರ್ಮಿಳಕ್ಕ ಟೇಪು ಹಿಡಿದೆವು. ಅಮ್ಮ ಬೆರಳ ಸಂದಿಯಿಂದ ಗೆರೆ ಬಿಡುತ್ತ ಹಿಂದೆ ಹಿಂದೆ ಸರಿದಳು. ಆ ಗೆರೆ ಎಷ್ಟು ನೇರವಾಗಿತ್ತೆಂದರೆ ಟೇಪಿಗೇ ನಾಚಿಕೆಯಾಗಿ ಸುತ್ತಿಕೊಂಡಿತು. ಆದರೆ ಪ್ರತಿ ಮೂಲೆಗೆ ಬಂದಾಗಲೂ ಅವಳ ಕೈ ತಡೆಯದೆ ಒಂದು ಎಳೆ ಸುತ್ತಿ ಎರಡು ದಳ ಬಿಡಿಸುತ್ತಿತ್ತು.

“ಆಂಟಿ, ಅಲ್ಲೇನೂ ಇಲ್ಲ, ಬರೀ ಗೋಡೆ.”

“ಬರೀ ಗೋಡೆ ಬಿಟ್ರೆ ಬೋಳುಬೋಳಾಗಿ ಕಾಣುತ್ತಮ್ಮ.”

ಹೀಗೆ ನಮ್ಮ ಹಿತ್ತಿಲಿನಲ್ಲಿ ಒಂದು ಅಡುಗೆಮನೆ ಎದ್ದಿತು: ಗೋಡೆ, ಬಾಗಿಲು, ಉದ್ದನೆಯ ಕಟ್ಟೆ, ಕಟ್ಟೆಯ ತುದಿಯಲ್ಲಿ ಪದ್ಮಮ್ಮನವರ ಕಾಂಪೌಂಡಿನ ಕಡೆಗೆ ಅಮ್ಮನ ಕಿಟಕಿ. ಮತ್ತು ರಂಗೋಲಿಯಾದ್ದರಿಂದ ಒಂದು ವಿಶೇಷ. ಸೀಮೆಸುಣ್ಣದ ಗೆರೆಯಾಗಿದ್ದರೆ ಎಲ್ಲರೂ ದಾಟಿಕೊಂಡು ಓಡಾಡುತ್ತಿದ್ದರು. ರಂಗೋಲಿಯನ್ನು ತುಳಿಯುವುದುಂಟೇ? ಆ ಗೆರೆಗಳು ಕಲ್ಲಿನ ಗೋಡೆಗಿಂತ ಗಟ್ಟಿಯಾದವು. ಒಳಗೆ ಬರಬೇಕಾದರೆ ಬಾಗಿಲಿನಿಂದಲೇ ಬರಬೇಕು. ಅಮ್ಮ ಸೆರಗು ಸಿಕ್ಕಿಸಿ, ಇಲ್ಲದ ಕಟ್ಟೆಯ ಮುಂದೆ ನಿಂತು, ಇಲ್ಲದ ಗ್ಯಾಸು ಹಚ್ಚಿ, ಇಲ್ಲದ ಬೇಳೆಯನ್ನು ಬೇಯಲಿಟ್ಟಳು. ಎಲ್ಲಿ ಕೈಗೆ ಎಟುಕುತ್ತದೆ, ಎಲ್ಲಿ ಎಟುಕುವುದಿಲ್ಲ ಎಂದು ಊರ್ಮಿಳಕ್ಕ ಅವಳ ಮೊಣಕೈ ಹಿಡಿದು ಅಳೆಯುತ್ತಿದ್ದಳು. ಅಷ್ಟರಲ್ಲಿ ಅಪ್ಪ ಪೇಪರ್ ಓದುತ್ತ, ಕಾಫಿ ಹುಡುಕಿಕೊಂಡು ನೆಟ್ಟಗೆ ಬಂದರು.

“ರೀ! ರೀ! ಗೋಡೆ!” ಅಮ್ಮ ಕಿರುಚಿದಳು.

ಅಪ್ಪ ಒಂದು ಕಾಲು ಎತ್ತಿಕೊಂಡು ನಿಂತರು. ಬಡ್ತಿ ಸಿಕ್ಕಾಗಲೂ ಅವರು ಅಷ್ಟು ಗಾಬರಿಯಾಗಿರಲಿಲ್ಲ. ಕೊಕ್ಕರೆಯ ಹಾಗೆ ಹಿಂದಕ್ಕೆ ಹೋಗಿ, ಸುತ್ತಿ ಬಂದು, ಬಾಗಿಲಿನ ಹತ್ತಿರ ಚಪ್ಪಲಿ ಬಿಟ್ಟು, ಕೆಮ್ಮಿ ಒಳಗೆ ಬಂದರು. ಕಾಂಪೌಂಡಿನ ಮೇಲೆ ಪದ್ಮಮ್ಮನವರ ತಲೆ ಕಾಣಿಸಿಕೊಂಡಿತು. ಆ ತಲೆ ನಮ್ಮ ಮನೆಯ ಯಾವ ಘಟನೆಯನ್ನೂ ತಪ್ಪಿಸಿಕೊಂಡದ್ದಿಲ್ಲ.

“ಏನ್ರೀ ಸರೋಜಮ್ಮ, ಬಿಸಿಲಲ್ಲಿ ನಿಂತ್ಕೊಂಡು ಏನ್ ತಿರುವ್ತಾ ಇದೀರಾ?”

“ಹುಳಿ ಕಣ್ರೀ.”

“ಏನ್ ಹಾಕಿದೀರಾ ಹುಳಿಗೆ?”

“ಗಾಳಿ. ಸ್ವಲ್ಪ ಕಳಿಸ್ಲಾ?”

“ಕಳ್ಸಿ, ಅನ್ನ ನಾನೂ ಅದ್ರಲ್ಲೇ ಮಾಡಿದೀನಿ!”

ಅಮ್ಮ ಕಿಟಕಿಯಿಂದ ಹೊರಗೆ ಮುಖ ಹಾಕಿ ಗಟ್ಟಿಯಾಗಿ ನಕ್ಕಳು. ಕಿಟಕಿ ಅಂದರೆ ನೆಲದ ಮೇಲಿನ ಎರಡು ಗೆರೆ. ಆದರೂ ಅವಳು ಚೌಕಟ್ಟು ತಾಗದಂತೆ ತಲೆ ಬಗ್ಗಿಸಿ ನಕ್ಕಳೆಂದು ನಾನು ಆಣೆ ಮಾಡಿ ಹೇಳಬಲ್ಲೆ. ಅವಳು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಆಗ ಅಜ್ಜಿ ಬಂದಳು. ಕಾಗೆಯ ಮನೆಗೆ ತಾನು ಕಾಲಿಡುವುದಿಲ್ಲ ಎಂದು ಆಗಲೇ ಘೋಷಣೆಯಾಗಿತ್ತು. ಆದರೂ ನಮ್ಮ ನಗು ಕೇಳಿ ಬಂದಳು. ಕಂಕುಳಲ್ಲಿ ಈಳಿಗೆಮಣೆ, ಮಡಿಲಲ್ಲಿ ಹುರುಳಿಕಾಯಿ. ನಿಜವಾದ ಹುರುಳಿಕಾಯಿ. ರಂಗೋಲಿಯ ಬಾಗಿಲಿನಲ್ಲಿ ಒಂದು ಕ್ಷಣ ನಿಂತು, ಹೊಸ್ತಿಲಿಗೆಂಬಂತೆ ಕಾಲೆತ್ತಿ ಒಳಗೆ ಬಂದಳು. ಎಡಕ್ಕೆ ನೋಡಿದಳು, ಸಿಲಿಂಡರಿನ ಚೌಕ. ಬಲಕ್ಕೆ ನೋಡಿದಳು, ಪಾತ್ರೆಯ ಗೂಡು. ನಡುವೆ ಓಡಾಡುವ ಜಾಗ. ನಿಂತಲ್ಲೇ ಒಂದು ಸುತ್ತು ತಿರುಗಿದಳು. ಸೊಂಟ ನೋಯುತ್ತಿರುವುದು ಅವಳ ತುಟಿಯಲ್ಲಿ ಕಾಣುತ್ತಿತ್ತು.

“ಸರೋಜಾ, ನಾನೆಲ್ಲಿ ಕೂತ್ಕೊಳ್ಳೋದು?”

ಊರ್ಮಿಳಕ್ಕನೇ ಉತ್ತರಿಸಿದಳು. ಕೆಟ್ಟ ಮನಸ್ಸಿನಿಂದಲ್ಲ, ಅವಳಿಗೆ ಕಲಿಸಿದ್ದು ಹಾಗೆ. “ಅಜ್ಜಿ, ನಿಮಗೆ ಹಾಲ್‌ನಲ್ಲಿ ಒಂದು ಒಳ್ಳೆ ಕುರ್ಚಿ ಹಾಕೋಣ. ಗಾಳಿ ಬರುತ್ತೆ. ಆರಾಮಾಗಿ ರೇಡಿಯೋ ಕೇಳ್ಕೊಂಡು ಕೂತ್ಕೋಬಹುದು.”

“ಓ,” ಎಂದಳು ಅಜ್ಜಿ.

ನಮ್ಮಜ್ಜಿ ಇಷ್ಟು ಚಿಕ್ಕ ಮಾತು ಆಡಿದ್ದು ಅದೇ ಮೊದಲು. ಜಗಳಕ್ಕೆ ಬರುತ್ತಾಳೆಂದು ನಾನು ಕಾದೆ. ಅವಳು ಈಳಿಗೆಮಣೆಯನ್ನು ಮತ್ತೆ ಕಂಕುಳಿಗೆ ಏರಿಸಿ, ಒಂದು ಗೆರೆಯೂ ಕೆಡದಂತೆ, ಬಾಗಿಲಿನಿಂದಲೇ ಹೊರಗೆ ಹೋದಳು. ಒಗೆಯುವ ಕಲ್ಲಿನ ಮೇಲೆ ನಮಗೆ ಬೆನ್ನು ಮಾಡಿ ಕೂತು ಹುರುಳಿಕಾಯಿ ಹೆಚ್ಚತೊಡಗಿದಳು. ಟಕ್, ಟಕ್, ಟಕ್. ಪದ್ಮಮ್ಮನವರ ತಲೆ ಮೆಲ್ಲಗೆ ಇಳಿದುಹೋಯಿತು. ಅಪ್ಪ ಪೇಪರಿನ ಒಳಗೆ ನುಸುಳಿದರು.

ಅಮ್ಮ ಗೆದ್ದಿದ್ದಳು. ಕಟ್ಟೆ ಅವಳದು, ಕಿಟಕಿ ಅವಳದು, ಉಪ್ಪು ಅವಳದು. ಇಲ್ಲದ ಹುಳಿಯನ್ನು ಇಲ್ಲದ ಸೌಟಿನಿಂದ ಅವಳು ಬಹಳ ಹೊತ್ತು ತಿರುವುತ್ತ ನಿಂತಳು. ತೊಟ್ಟು ಬಿಡುವ ಹೊತ್ತಾಯಿತೋ ಏನೋ, ಅವಳ ಕೈ ತಾನೇ ಎಡಕ್ಕೆ ಚಾಚಿ, ಅಲ್ಲಿ ಯಾವ ಅಂಗೈಯೂ ಇಲ್ಲದೆ ನಿಂತುಬಿಟ್ಟಿತು. ತುಟಿ ಒಳಗೆ ಹೋಗಲಿಲ್ಲ, ಮೂಗು ಅಲುಗಲಿಲ್ಲ. ಆ ಮುಖಕ್ಕೆ ನನ್ನಲ್ಲಿ ಅರ್ಥವಿರಲಿಲ್ಲ.

“ಶಾಲೀ, ಹುಳಿ ತಳ ಹಿಡಿಯುತ್ತೆ, ತಿರುವ್ತಾ ಇರು,” ಎಂದು ಸೌಟನ್ನು ನನ್ನ ಕೈಗೆ ಕೊಟ್ಟಳು. ನಾನು ತಿರುವಿದೆ! ಅಮ್ಮ ಕುಕ್ಕುರುಗಾಲಿನಲ್ಲಿ ಕೂತು, ಕಿಟಕಿಯ ಕಡೆಯ ಕಟ್ಟೆಯ ಗೆರೆಯನ್ನು ಅಂಗೈಯಿಂದ ಒರೆಸಿದಳು. ಅಲ್ಲಿ ಒಂದು ಚೌಕ ಬರೆದಳು.

“ಅತ್ತೆ, ಇಲ್ಲಿ.”

ಊರ್ಮಿಳಕ್ಕ ಬಗ್ಗಿದಳು. “ಆಂಟಿ, ಕಿಟಕಿ ಹತ್ರದ ಕಟ್ಟೆ ಪೂರ್ತಿ ಹೋಗುತ್ತೆ. ಒಲೆ ಈಚೆಗೆ ಬಂದ್ಬಿಡುತ್ತೆ, ನೀವು ಗೋಡೆ ನೋಡ್ಕೊಂಡು ನಿಂತ್ಕೋಬೇಕು. ನೀವು ಕೇಳಿದ್ದೇ ಕಿಟಕಿ ಅಲ್ವಾ?”

“ನಿಂತ್ಕೊಳ್ಳೋಳಿಗೆ ಪಾತ್ರೆ ಕಂಡ್ರೆ ಸಾಕಮ್ಮ. ಕೂತ್ಕೊಳ್ಳೋರಿಗೆ ಹೊತ್ತು ಹೋಗ್ಬೇಡ್ವಾ? ಇಲ್ಲೊಂದು ತಗ್ಗು ಜಗುಲಿ ಮಾಡ್ಸು. ಗೋಡೆಗೆ ಒರಗೋ ಹಂಗೆ.”

ಅಜ್ಜಿ ತಿರುಗಿ ನೋಡಿದಳು. ಈಳಿಗೆಯ ಸದ್ದು ನಿಂತಿತು. ಬೇರೆ ಯಾರಾದರೂ ಕಣ್ಣೊರೆಸಿಕೊಳ್ಳುತ್ತಿದ್ದರು. ನಮ್ಮಜ್ಜಿ ಎದ್ದು, ಬಾಗಿಲಿನಿಂದ ಒಳಗೆ ಬಂದು, ಚೌಕದಲ್ಲಿ ಕೂತು, ಮುಖ ಸಿಂಡರಿಸಿದಳು.

“ಇಷ್ಟೇನಾ? ಕೋಳಿ ಗೂಡಿದ್ದಂಗಿದೆ. ಈಳಿಗೆ ಎಲ್ಲಿಡ್ಲಿ?”

ಅಮ್ಮ ಗೆರೆ ಒರೆಸಿ ಒಂದು ಗೇಣು ಬಿಟ್ಟುಕೊಟ್ಟಳು.

“ಸೊಪ್ಪಿನ ಮೊರ?”

ಇನ್ನೊಂದು ಗೇಣು.

“ಶಾಲೀಗೆ ತಲೆ ಬಾಚ್ಬೇಕಲ್ಲ, ಅವಳೆಲ್ಲಿ ಕೂತ್ಕೊಳ್ತಾಳೆ? ಅವಳೇನು ಸಣ್ಣ ಆಗ್ತಾಳಾ?”

“ಅತ್ತೆ, ಹಿಂಗೇ ಬಿಟ್ರೆ ನನ್ನ ಕಟ್ಟೆ ಬೀದೀಲಿರುತ್ತೆ!” ಎಂದಳು ಅಮ್ಮ. ಆದರೂ ಒರೆಸಿದಳು. ಊರ್ಮಿಳಕ್ಕ ಟೇಪು ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಮಾತುಕತೆ ಮುಗಿಯುವ ಹೊತ್ತಿಗೆ ಜಗುಲಿ ಇಬ್ಬರು ಧಾರಾಳವಾಗಿ ಕೂರುವಷ್ಟಾಗಿತ್ತು.

ಹೊಸ ಅಡುಗೆಮನೆ ಕಟ್ಟಿದ್ದು ಹಾಗೆಯೇ. ಕಡಪ ಕಲ್ಲಿನ ಕಟ್ಟೆ, ಪಕ್ಕದಲ್ಲಿ ಕಿಟಕಿಯ ಕೆಳಗೆ ಕಪ್ಪು ಅಂಚಿನ ಕೆಂಪು ಗಾರೆಯ ಜಗುಲಿ. ಹೊಗೆ ಹೋಯಿತು, ಕೆಂಗೇರಿಯ ರೈಲುಗಳು ಸಮಯಕ್ಕೆ ಸರಿಯಾಗಿ ಓಡತೊಡಗಿದವು. ಆದರೆ ಕಾಗದದಲ್ಲಾಗಲಿ ರಂಗೋಲಿಯಲ್ಲಾಗಲಿ ಯಾರಿಗೂ ಕಾಣದೇ ಹೋದ ಒಂದು ಸಂಗತಿ ಆಮೇಲೆ ಗೊತ್ತಾಯಿತು. ನಿಂತು ಅಡುಗೆ ಮಾಡುವ ಅಮ್ಮ ಗೋಡೆಗೆ ಮುಖ ಮಾಡಿದ್ದಳು. ನೆಲದ ಮೇಲೆ ತಟ್ಟೆ ಹಿಡಿದು ಕೂತ ನಮಗೆ ಕಾಣುತ್ತಿದ್ದುದು ಅವಳ ಬೆನ್ನು, ಜಡೆ, ಸೆರಗಿನ ಗಂಟು. ಕಂಠಪಾಠ ಮಾಡಿದ್ದ ಮುಖ ನನ್ನ ಕೈತಪ್ಪಿತು. ಅದೀಗ ಕಾಣುತ್ತಿದ್ದುದು ಅವಳ ಪಕ್ಕದಲ್ಲಿ ಕೂತ ಅಜ್ಜಿಗೆ ಮಾತ್ರ. ಹಾಗಾಗಿ ಅಜ್ಜಿ ನಮ್ಮ ಮನೆಯ ಹವಾಮಾನ ಇಲಾಖೆಯಾದಳು. ಅಪ್ಪ ಬಾಗಿಲಿಗೆ ಬಂದು ಹುಬ್ಬಿನಲ್ಲೇ ಪ್ರಶ್ನೆ ಹಾಕುವುದು, ಅಜ್ಜಿ ಹುಬ್ಬಿನಲ್ಲೇ ವರದಿ ಕೊಡುವುದು. ಒಂದು ಹುಬ್ಬು ಏರಿದರೆ ಮೋಡ, ಎರಡೂ ಏರಿದರೆ ಗುಡುಗು, ಕಣ್ಣು ಮಿಟುಕಿಸಿದರೆ ಸಿನಿಮಾಕ್ಕೆ ಹೋಗಲು ಕೇಳಬಹುದು. ಅಮ್ಮ ತಿರುಗಿ ನೋಡದೆಯೇ ಸೌಟನ್ನು ಎಡಕ್ಕೆ ಚಾಚುವಳು, ಅಲ್ಲಿ ಅಂಗೈ ಕಾಯುತ್ತಿರುತ್ತಿತ್ತು. ಇನ್ನೊಂದು ಹರಳು ಬೀಳ್ಲಿ.

ಈಗ ಆ ಜಾಗದಲ್ಲಿ ಕೆಳಗೆ ಅಂಗಡಿ, ಮೇಲೆ ಬಾಡಿಗೆ ಮನೆಗಳಿರುವ ಕಟ್ಟಡವಿದೆ. ನಮ್ಮ ಅಡುಗೆಮನೆ ಇದ್ದಲ್ಲಿ ಯಾರದೋ ಸ್ಕೂಟರುಗಳು ನಿಲ್ಲುತ್ತವೆ. ಆ ಕಡೆ ಹೋದಾಗ ನಾನು ಇವತ್ತಿಗೂ ನೆಟ್ಟಗೆ ಒಳಗೆ ನುಗ್ಗುವುದಿಲ್ಲ. ಬಾಗಿಲು ಇದ್ದ ಕಡೆಯಿಂದ ಸುತ್ತಿಕೊಂಡು ಹೋಗುತ್ತೇನೆ. ನೋಡಿದವರು ನನ್ನ ತಲೆಯ ಬಗ್ಗೆ ಏನೆಂದುಕೊಳ್ಳುತ್ತಾರೋ.

ಆ ಅಡುಗೆಮನೆ ಕಟ್ಟಿ ಕೆಲವು ವರ್ಷಕ್ಕೆ ಅಜ್ಜಿ ಹೋದಳು. ಕಾರ್ಯಗಳೆಲ್ಲ ಮುಗಿದು, ನೆಂಟರೆಲ್ಲ ಊರು ಸೇರಿದ ಮೇಲೆ ಮನೆ ಸದ್ದಿಲ್ಲದಾಯಿತು. ಜಗುಲಿಯ ಹತ್ತಿರ ಯಾರೂ ಹೋಗಲಿಲ್ಲ. ಅದರ ಸುತ್ತ ರಂಗೋಲಿ ಹಾಕಿದೆಯೇನೋ ಎನ್ನುವ ಹಾಗೆ ಸುತ್ತಿಕೊಂಡು ಓಡಾಡಿದೆವು. ಒಂದು ಸಂಜೆ ಅಮ್ಮ ಸಾರು ಮಾಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಸಾರು ಕುದಿ ಬಂತು. ಅಮ್ಮ ತಿರುಗಿ ನೋಡದೆ ಸೌಟನ್ನು ಎಡಕ್ಕೆ ಚಾಚಿದಳು.

“ಅತ್ತೆ, ಉಪ್ಪು ನೋಡಿ.”

ಹೇಳಿದ ಮೇಲೆ ಅವಳಿಗೆ ಗೊತ್ತಾಯಿತು. ಆದರೆ ಸೌಟು ಹಿಂದಕ್ಕೆ ಬರಲಿಲ್ಲ, ಅಲ್ಲೇ ನಿಂತಿತು. ನಾನು ಹೋಗಿ ಜಗುಲಿಯ ಮೇಲೆ ಕೂತು ಅಂಗೈ ಒಡ್ಡಿದೆ. ಬಿಸಿ ತೊಟ್ಟು ಬಿತ್ತು. ಉಪ್ಪು ಸರಿಯಾಗಿತ್ತು.

“ಇನ್ನೊಂದು ಹರಳು ಬೀಳ್ಲಿ,” ಎಂದೆ.

ಅಮ್ಮ ಉಪ್ಪಿನ ಭರಣಿಗೆ ಕೈ ಹಾಕಿದಳು. ಅಲ್ಲಿ ಕೂತರೆ ಅವಳ ಮುಖ ಪೂರ್ತಿ ಕಾಣುತ್ತಿತ್ತು. ಕಿಟಕಿಯ ಬೆಳಕು ನೇರವಾಗಿ ಅದರ ಮೇಲೆಯೇ ಬೀಳುತ್ತಿತ್ತು. ಇಷ್ಟು ವರ್ಷ ಅಜ್ಜಿ ನೋಡುತ್ತಿದ್ದುದನ್ನು ನಾನು ನೋಡಿದೆ. ಅಷ್ಟರಲ್ಲಿ ಅಪ್ಪ ಆಫೀಸಿನಿಂದ ಬಂದರು. ಬಾಗಿಲಲ್ಲಿ ನಿಂತು, ಅಭ್ಯಾಸದಂತೆ, ಹುಬ್ಬಿನಲ್ಲೇ ನನ್ನನ್ನು ಕೇಳಿದರು: ಹೇಗಿದೆ?

ಗೇಣನ್ನು ಗಾವುದ ಮಾಡಿ ಹೇಳುವ ನನಗೆ, ಇದ್ದದ್ದನ್ನು ಇದ್ದಷ್ಟೇ ಹೇಳಲು ಯಾವ ಹುಬ್ಬು ಎತ್ತಬೇಕೆಂದು ತಿಳಿಯಲಿಲ್ಲ. ನಾನು ಗೋಡೆಯ ಕಡೆಗೆ ಸರಿದೆ. ಜಗುಲಿಯಲ್ಲಿ ಇನ್ನೊಬ್ಬರಿಗೆ ಜಾಗವಿತ್ತು. ಅಪ್ಪ ಚಪ್ಪಲಿ ಬಿಟ್ಟು, ಬಂದು ಪಕ್ಕದಲ್ಲಿ ಕೂತರು.